ತಾರವ್ವನ ದನಿಗೆ ಹೊಸ ಪ್ರೊಸೆಸರ್

ಹಾಲು ಒಯ್ಯಲು ಬಂದ ಇಬ್ರಾಹಿಮನಿಗೆ ಆ ದಿನ ಬಿದ್ದ ಬೈಗುಳ ಅವನದಾಗಿರಲಿಲ್ಲ. ಅದು ನಮ್ಮ ಯಜಮಾನರಿಗೆಂದು ಬರೆದದ್ದು. ಅವರು ಕೆಸರುಗಾಲಲ್ಲೇ ಪಡಸಾಲೆ ತುಳಿದು ಒಳಗೆ ಬಂದಿದ್ದರು. ನಾನು ಟ್ಯಾಬ್ ಎತ್ತಿಕೊಂಡು, ಕಣ್ಣು ಕಿತ್ತು ಕಿಸೆಯಲ್ಲಿಟ್ಟುಕೊಂಡಿದ್ದೀರೇನು, ಈಗಷ್ಟೇ ನೆಲ ಒರೆಸಿದ್ದೇನೆ ಎಂದು ಬೆರಳಲ್ಲಿ ಒತ್ತಿದೆ. ಕೋಣೆಯಲ್ಲಿದ್ದ ಸರ್ವರ್ ಗುಂಯ್ ಎಂದಿತು, ಯೋಚಿಸಿತು, ಮತ್ತೂ ಯೋಚಿಸಿತು. ಅಷ್ಟರಲ್ಲಿ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಯೇಬಿಟ್ಟರು. ಇಬ್ರಾಹಿಮ ಕ್ಯಾನು ಹಿಡಿದು ಮುಂಬಾಗಿಲಲ್ಲಿ ಬಂದು ನಿಂತ. ಆಗ ಸ್ಪೀಕರ್ ಬಾಯಿ ಬಿಟ್ಟಿತು. ಪಾಪ, ಆ ಮನುಷ್ಯ ತನ್ನ ಕಾಲು ನೋಡಿಕೊಂಡ, ನನ್ನ ಮುಖ ನೋಡಿದ, ತಪ್ಪಾಯಿತು ಅಕ್ಕಾ ಎಂದು ಮೆಟ್ಟಿಲಿಳಿದು ನಿಂತ.

ನಾನು ಕರೋಶಿಯ ತಾರವ್ವ. ಊರಲ್ಲಿ ನನ್ನ ಗಂಟಲು ಗೊತ್ತಿಲ್ಲದವರಿರಲಿಲ್ಲ. ಹಿತ್ತಲಲ್ಲಿ ನಿಂತು ಬೈದರೆ ಬಸ್ ಸ್ಟ್ಯಾಂಡಿನಲ್ಲಿದ್ದವರು ಅದು ಯಾರಿಗೆಂದು ಹೇಳುತ್ತಿದ್ದರು. ಕಳೆದ ವರ್ಷ ಆ ಗಂಟಲಲ್ಲೇ ಗಂಟಾಯಿತು. ಮೀರಜಿಗೆ ಒಯ್ದರು. ಡಾಕ್ಟರು ಗಂಟಿನ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಸಿದರು, ಅದಕ್ಕೆ ಅವರಿಗೆ ಕೈಮುಗಿಯುತ್ತೇನೆ. ಈಗ ಕೊರಳ ಬುಡದಲ್ಲಿರುವ ತೂತಿನಿಂದ ಉಸಿರಾಡುತ್ತೇನೆ, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತೇನೆ. ಬಾಯಿ ಆಡುತ್ತದೆ, ಸಪ್ಪಳ ಬರುವುದಿಲ್ಲ.

ದನಿ ಹೋದದ್ದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬೇರೆ. ಮೀರಜಿನಿಂದ ಬಂದ ಮೇಲೆ ನಮ್ಮ ಯಜಮಾನರು ನನ್ನೊಡನೆ ಜಗಳವಾಡುವುದನ್ನೇ ಬಿಟ್ಟರು. ಮದುವೆಯಾದಾಗಿನಿಂದ ನಾವಿಬ್ಬರೂ ದಿನಾ ಕಚ್ಚಾಡಿದವರು. ಕಬ್ಬಿಗೆ ಯಾವಾಗ ನೀರು ಬಿಡಬೇಕು, ಎಮ್ಮೆಗೆ ಎಷ್ಟು ಹಿಂಡಿ ಹಾಕಬೇಕು, ಯಾರ ತವರಿನವರು ಮೊದಲು ಮಾತು ಬಿಟ್ಟರು, ಒಂದೇ ಎರಡೇ. ಅವರು ಒಂದಂದರೆ ನಾನು ಎರಡನ್ನುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಶೇಂಗಾ ಚಟ್ನಿ ರೊಟ್ಟಿ ತಿನ್ನುತ್ತಿದ್ದೆವು. ಈಗ ಏನಂದರೂ ಹೂಂ, ಏನು ಮಾಡಿದರೂ ಆಗಲಿ. ಮನೆಗೆ ಬಂದ ಪಾವಣ್ಯಾನ, ನೆಂಟನ ಹಾಗೆ ಕೂತು ಉಂಡು ಏಳುತ್ತಾರೆ. ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಝುಣಕಾ ಬಡಿಸಿದೆ. ತಟ್ಟೆ ಬಳಿದು ಉಂಡರು, ಚಲೋ ಆಗೈತಿ ಅಂದರು. ಆ ದಿನ ಎಮ್ಮೆಯ ಕೊರಳಿಗೆ ಮುಖ ಒತ್ತಿ ಅತ್ತಿದ್ದೇನೆ.

ನನಗೆ ಮತ್ತೆ ಮಾತು ತರಿಸಿದವಳು ನೀಲಮ, ನನ್ನ ಅಣ್ಣನ ಮಗಳು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಶಿರಗುಪ್ಪಿ ಕಡೆಯ ಒಂದು ಆಫೀಸಿನವರು ಹೊಸದು ಕೊಂಡು ಹಳೆಯ ಸರ್ವರನ್ನು ಮಾರಿದಾಗ ತಂದು ನಮ್ಮ ಬೀಜದ ಚೀಲದ ಕೋಣೆಯಲ್ಲಿ ಕೂರಿಸಿದಳು. ನಮ್ಮ ಓಣಿಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಮಾತನಾಡಿಸುವ ಯಂತ್ರ ಮನೆಯೊಳಗೇ ಇರಲಿ, ನಿನ್ನ ದನಿ ನಿನ್ನ ಮನೆಯಲ್ಲೇ ಇರಲಿ ಎಂಬುದು ಅವಳ ಲೆಕ್ಕ. ನಾನು ಟ್ಯಾಬಿನಲ್ಲಿ ಒತ್ತಿದ್ದನ್ನು ಸರ್ವರ್ ನನ್ನದೇ ದನಿಯಲ್ಲಿ ಹೇಳುತ್ತಿತ್ತು. ನನ್ನ ದನಿ ಅದಕ್ಕೆಲ್ಲಿಂದ ಬರಬೇಕು? ವಾಟ್ಸಾಪಿನಲ್ಲಿ ನಾನು ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನೆಲ್ಲ ನೀಲಮ ಕೂಡಿಸಿ ಅದಕ್ಕೆ ಕಲಿಸಿದ್ದಳು. ಆ ಮೆಸೇಜುಗಳಲ್ಲಿ ಒಂದಾದರೂ ಮೆತ್ತಗಿನ ಮಾತು ಬೇಡವೇ? ಎಲ್ಲ ಬೈಗುಳ. ಹೀಗಾಗಿ ಯಂತ್ರಕ್ಕೆ ಬಂದದ್ದು ಬೈಯುವ ರಾಗ ಒಂದೇ. ಬಂದವರಿಗೆ ಚಹಾ ಕುಡಿಯಿರಿ ಎಂದು ಒತ್ತಿದರೆ, ಕುಡಿಯದಿದ್ದರೆ ನೋಡು ಎಂಬಂತೆ ಕೇಳುತ್ತಿತ್ತು.

ಅದಕ್ಕೆ ನನ್ನ ತಕರಾರಿರಲಿಲ್ಲ. ನನ್ನ ಸ್ವಭಾವ ಅದೇ. ತಕರಾರಿದ್ದದ್ದು ತಡಕ್ಕೆ. ಹಳೆಯ ಪ್ರೊಸೆಸರಿಗೆ ಒಂದು ಮಾತು ಕಟ್ಟುವುದೆಂದರೆ ಹೆರಿಗೆಯಷ್ಟು ಕಷ್ಟ. ನಾಲ್ಕು ಜನ ಕಬ್ಬಿನ ಗದ್ದೆ ಕಡಿಯಲು ಹೊರಟ ಹಾಗೆ ಅತ್ತಿ, ದೊಡ್ಡ ಗ್ಯಾಂಗೇ ಬೇಕು ಎನ್ನುತ್ತಿದ್ದಳು ನೀಲಮ. ಬೈಗುಳ ತಡವಾಗಿ ಬಂದರೆ ಅದನ್ನು ತೆಗೆದುಕೊಳ್ಳುವವರೇ ಇರುವುದಿಲ್ಲ. ಯಜಮಾನರು ಯಾವಾಗಲೂ ಎದ್ದು ಹೋಗಿರುತ್ತಿದ್ದರು, ನನ್ನ ಮಾತು ಖಾಲಿ ಪಡಸಾಲೆಗೆ ಬೀಳುತ್ತಿತ್ತು.

ಇಂಥದರಲ್ಲಿ ಮಗಳು ರೂಪಾಲಿಯ ಕುಬಸ ಬಂತು. ಅವಳನ್ನು ಉಗಾರ ಬುದ್ರುಕಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಕುಬಸವೆಂದರೆ ಹಸಿರು ಸೀರೆ, ಹಸಿರು ಬಳೆ, ಆರತಿ. ಅದಾದ ಮೇಲೆ ಹೆಂಗಸರು ಸುತ್ತ ಕೂತು ಒಬ್ಬೊಬ್ಬರಿಗೂ ಗಂಡನ ಹೆಸರು ಹೇಳು ಎಂದು ಗಂಟುಬೀಳುತ್ತಾರೆ. ನಮ್ಮಲ್ಲಿ ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ತರುವಂತಿಲ್ಲ. ಒಡಪು ಕಟ್ಟಿ, ಪ್ರಾಸದೊಳಗೆ ಹೆಸರಿಟ್ಟು ಹೇಳಬೇಕು. ಒಬ್ಬಳು ಹೇಳಿದೊಡನೆ ಇನ್ನೊಬ್ಬಳು ಕೆಣಕುತ್ತಾಳೆ, ಆ ಕ್ಷಣವೇ ಅದಕ್ಕೆ ಎದುರು ಒಡಪು ಹಾಕಬೇಕು. ಅದರಲ್ಲಿ ನನ್ನನ್ನು ಸೋಲಿಸಿದವರು ಈ ಪಂಚಕ್ರೋಶಿಯ ಊರುಗಳಲ್ಲಿ ಇಲ್ಲ.

ನೀಲಮ ಒಂದು ಉಪಾಯ ಹೇಳಿದಳು. ಒಡಪನ್ನು ಮೊದಲೇ ಬರೆದಿಟ್ಟರೆ ಸರ್ವರ್ ನಿಧಾನಕ್ಕೆ ದನಿ ಕಟ್ಟಿಟ್ಟುಕೊಳ್ಳುತ್ತದೆ, ಆ ಹೊತ್ತಿಗೆ ಬಟನ್ ಒತ್ತಿದರಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ರೆಕಾರ್ಡ್ ಹಾಕಿ ಕೂರುವುದಕ್ಕೆ ನಾನೇಕೆ ಬೇಕು, ಸ್ಪೀಕರನ್ನೇ ಮಣೆಯ ಮೇಲೆ ಕೂರಿಸಿ ಉಡಿ ತುಂಬಿರಿ ಎಂದು ಒತ್ತಿದೆ. ಆ ಮಾತು ಹೊರಬೀಳುವಷ್ಟರಲ್ಲಿ ನೀಲಮ ಚಹಾ ಕುಡಿದು ಲೋಟ ತೊಳೆದಿಟ್ಟಿದ್ದಳು. ಮಾತು ಕೇಳಿಸಿಕೊಂಡು, ಸರಿ ಅತ್ತಿ, ಪ್ರೊಸೆಸರನ್ನೇ ಬದಲಿಸುತ್ತೇನೆ ಅಂದಳು. ಇದೇ ಬೋರ್ಡಿಗೆ ಹೊಂದುವ, ಇದಕ್ಕಿಂತ ಎಷ್ಟೋ ಪಾಲು ಗಟ್ಟಿಯಾದದ್ದು ನಿಪ್ಪಾಣಿಯ ಗೆಳತಿಯೊಬ್ಬಳ ಹತ್ತಿರವಿತ್ತಂತೆ.

ಕುಬಸದ ಹಿಂದಿನ ದಿನ ಮಧ್ಯಾಹ್ನ ಅದನ್ನು ತಂದಳು. ಸ್ಪಂಜಿನ ಡಬ್ಬಿ ತೆರೆದು ತೋರಿಸಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಇಷ್ಟೇ ಇಷ್ಟು, ಒಂದು ಬಿಸ್ಕಿಟಿನಷ್ಟು. ಮೇಲೆ ಬೆಳ್ಳಿಯ ಬಣ್ಣ, ಕೆಳಗೆ ಒತ್ತೊತ್ತಾಗಿ ಬಂಗಾರದ ಚುಕ್ಕೆ. ಇದರೊಳಗೆ ಏನಿದೆ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಸಣ್ಣ ಸಣ್ಣ ಸ್ವಿಚ್ ಅದಾವ ಅತ್ತಿ," ಅಂದಳು ನೀಲಮ. "ನಮ್ಮ ದೇಶದ ಮಂದಿಗೆಲ್ಲಾ ಒಂದೊಂದು ಹಂಚಿದ್ರೂ ಇನ್ನೂ ಉಳೀತಾವ."

ನಾನು ಚಾಳೀಸು ಹಾಕಿಕೊಂಡು ತಿರುತಿರುಗಿ ನೋಡಿದೆ. ದೇಶದ ಮಂದಿಗೆಲ್ಲ ಸಾಲುವಷ್ಟು ಸ್ವಿಚ್ಚು, ಅದೂ ಇದರೊಳಗೆ! ಇದನ್ನು ಮಾಡಿದವರ ಕಣ್ಣೆಂಥದು, ಕೈಯೆಂಥದು? ಅವರಲ್ಲಿ ಯಾರಿಗಾದರೂ ತಾವು ಮಾಡಿದ್ದು ಒಂದು ದಿನ ಕರೋಶಿಯ ಬೀಜದ ಕೋಣೆಗೆ ಬರುತ್ತದೆ, ಒಬ್ಬ ಬೈಗುಳದ ಹೆಂಗಸಿಗೆ ದನಿಯಾಗುತ್ತದೆ ಎಂದು ತಿಳಿದಿತ್ತೇ? ನಾನು ಸೆರಗಿನಿಂದ ಕೈ ಒರೆಸಿಕೊಂಡೆ, ಆದರೂ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ.

ನೀಲಮ ಸರ್ವರನ್ನು ಬಂದ್ ಮಾಡಿ, ವೈರು ಕಿತ್ತು, ಪಡಸಾಲೆಯ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಮೈಯ ವಿದ್ಯುತ್ತು ತಾಗಿ ಕೆಡಬಾರದೆಂದು ಮಣಿಕಟ್ಟಿಗೆ ತಾಯತದಂಥ ಪಟ್ಟಿ ಕಟ್ಟಿ, ಅದರ ವೈರನ್ನು ಸರ್ವರಿನ ಕಬ್ಬಿಣಕ್ಕೆ ಸಿಕ್ಕಿಸಿದಳು. ಶಾಖ ಹೀರುವ ಲೋಹದ ಗಟ್ಟಿ ಬಿಚ್ಚಿದಳು. ಅದರ ಕೆಳಗೆ ಹಳೆಯ ಪ್ರೊಸೆಸರ್ ಒಣಗಿದ ಪೇಸ್ಟು ಮೆತ್ತಿಕೊಂಡು ಕೂತಿತ್ತು. ಚೌಕಟ್ಟಿನ ಕೊಂಡಿ ಎತ್ತಿ ಅದನ್ನು ಎರಡು ಬೆರಳಲ್ಲಿ ಹೊರತೆಗೆದಳು. ಖಾಲಿಯಾದ ಜಾಗದಲ್ಲಿ ಕೂದಲಿಗಿಂತ ತೆಳುವಾದ ಬಂಗಾರದ ಪಿನ್ನುಗಳು, ಎಣಿಸಲಾಗದಷ್ಟು, ಎಲ್ಲವೂ ಒಂದೇ ಕಡೆಗೆ ಬಾಗಿ ನಿಂತಿದ್ದವು. ನಾನು ಟಾರ್ಚ್ ಹಿಡಿದಿದ್ದೆ. ಬೆಳಕು ಹೊರಳಿದಂತೆಲ್ಲ, ಗಾಳಿಗೆ ಬಾಗಿದ ಗೋಧಿ ಹೊಲದ ಹಾಗೆ ಮಿರುಗುತ್ತಿತ್ತು.

"ಅತ್ತಿ, ಉಸರ ಸೈತ ಈ ಕಡೆ ಬಿಡಬ್ಯಾಡ. ಒಂದ ಪಿನ್ನ ಮಣದ್ರೂ ಮುಗೀತು," ಅಂದಳು ನೀಲಮ. ನಾನು ಕೊರಳ ಬಟ್ಟೆಯನ್ನು ಅಂಗೈಯಿಂದ ಒತ್ತಿಕೊಂಡೆ.

ಹಿಂದೆ ಕಸ್ತೂರೆವ್ವ ಬಂದದ್ದು ನಮಗಿಬ್ಬರಿಗೂ ತಿಳಿಯಲಿಲ್ಲ. ಕಸ್ತೂರೆವ್ವ ಯಜಮಾನರ ಅಕ್ಕ, ಕುಬಸಕ್ಕೆಂದು ರಾಯಬಾಗದಿಂದ ಬಂದವಳು. ನಮ್ಮ ಮನೆಗೆ ಟ್ರಾಕ್ಟರ್ ಬರಲಿ, ಮೋಟರ್ ಬರಲಿ, ಸೊಸೆ ಬರಲಿ, ಆರತಿ ಅವಳದೇ. ಇವತ್ತು ತಾರವ್ವನ ದನಿ ಮನೆಗೆ ಬರುತ್ತದೆ ಎಂದು ಕೇಳಿದ್ದೇ ತಟ್ಟೆ ಸಿದ್ಧಮಾಡಿದ್ದಾಳೆ. ನೀಲಮ ಹೊಸ ಪ್ರೊಸೆಸರನ್ನು ಎತ್ತಿ, ಅದರ ಮೂಲೆಯ ಗುರುತನ್ನು ಚೌಕಟ್ಟಿನ ಗುರುತಿಗೆ ಹೊಂದಿಸಿ ಇನ್ನೇನು ಇಳಿಸಬೇಕು, ಇದೇ ಮುಹೂರ್ತವೆಂದು ಕಸ್ತೂರೆವ್ವ ಹಿಡಿ ಅಕ್ಷತೆ ಬೀಸಿ ಒಗೆದಳು.

ಅರಿಶಿನದ ಅಕ್ಕಿ ನಮ್ಮ ತಲೆಯ ಮೇಲೆ, ಮೇಜಿನ ಮೇಲೆ, ಸರ್ವರಿನ ಒಳಗೆ ಟಪಟಪ ಬಿತ್ತು. ನೀಲಮ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ನಾನು ಟಾರ್ಚ್ ಬಗ್ಗಿಸಿ ನೋಡಿದೆ. ಬಂಗಾರದ ಪಿನ್ನುಗಳ ನಟ್ಟನಡುವೆ ಒಂದು ಅಕ್ಕಿಕಾಳು ಅಡ್ಡಡ್ಡ ಕೂತಿತ್ತು.

ಹೊಟ್ಟೆಯೊಳಗಿನಿಂದ ನನಗೆ ಬಂದ ಬೈಗುಳವಿದೆಯಲ್ಲ, ಅಂಥದು ಹುಟ್ಟಿದಾಗಿನಿಂದ ಬಂದಿರಲಿಲ್ಲ. ಬಾಯಿ ತೆರೆದೆ, ಬುಸ್ ಎಂದು ಕೊರಳಿನಿಂದ ಗಾಳಿ ಹೋಯಿತು, ಅಷ್ಟೇ. ದನಿ ಕೊಡುವ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮುಂದೆ ಬಿದ್ದಿತ್ತು. ಕಸ್ತೂರೆವ್ವ ನನ್ನ ಮುಖ ನೋಡಿ, ನೀಲಮಳ ಮುಖ ನೋಡಿ, ತಟ್ಟೆ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ಒಳ್ಳೆಯದಾಗಲಿ ಎಂದೇ ಮಾಡಿದ್ದು, ಅದು ನನಗೆ ಗೊತ್ತು. ಗೊತ್ತಿದ್ದದ್ದರಿಂದಲೇ ಸಿಟ್ಟು ಇನ್ನಷ್ಟು ಏರಿತು.

ನೀಲಮ ಚಿಮುಟಿಗೆಯಲ್ಲಿ ಕಾಳನ್ನು ಎತ್ತಿ ತೆಗೆದಳು. ಕೆಳಗೆ ಒಂದು ಸಾಲಿನ ಕೆಲವು ಪಿನ್ನು ಮಲಗಿದ್ದವು, ಎರಡು ಒಂದಕ್ಕೊಂದು ತಬ್ಬಿಕೊಂಡಿದ್ದವು. ಹೀಗೇ ಕೂರಿಸಿದರೆ ಪ್ರೊಸೆಸರೂ ಸುಡುತ್ತದೆ, ಬೋರ್ಡೂ ಸುಡುತ್ತದೆ ಎಂದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಳು. ನನ್ನ ಹೊಲಿಗೆಯ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ಕೇಳಿ ಪಡೆದಳು.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಅವಳ ಸೂಜಿಯ ತುದಿ ಕದಲಿದ್ದು ನನಗೆ ಕಾಣುತ್ತಲೇ ಇರಲಿಲ್ಲ. ಕದಲಿದ ಮೇಲೆ ಒಂದು ಪಿನ್ನು ಎದ್ದು ಮಿಂಚಿದಾಗಷ್ಟೇ ತಿಳಿಯುತ್ತಿತ್ತು. ಒಂದು ಎದ್ದರೆ ಉಸಿರು ಬಿಡುತ್ತಿದ್ದಳು, ಮುಂದಿನದಕ್ಕೆ ಹೋಗುವ ಮೊದಲು ಮತ್ತೆ ಉಸಿರು ಹಿಡಿಯುತ್ತಿದ್ದಳು. ಹಣೆಯ ಬೆವರು ಒಳಗೆ ಬೀಳದಂತೆ ನಾನು ಸೆರಗಿನಿಂದ ಒರೆಸಿದೆ. ಚಿಕ್ಕವಳಿದ್ದಾಗ ಇವಳ ತಲೆ ಬಾಚಲು ಕೂತರೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಈಗ ಕಲ್ಲಿನ ಹಾಗೆ ಕೂತಿದ್ದಳು. ತಬ್ಬಿಕೊಂಡಿದ್ದ ಎರಡು ಪಿನ್ನುಗಳನ್ನು ಬಿಡಿಸುವಾಗ ಕಸ್ತೂರೆವ್ವ ಕಣ್ಣು ಮುಚ್ಚಿ ಮಾಯಕ್ಕ ದೇವಿಯನ್ನು ನೆನೆಯುತ್ತಿದ್ದಳು. ದೇವರ ಹೆಸರು ಹೇಳಲು ನನಗೂ ತುಟಿ ಆಡಿತು. ಕೊನೆಗೆ ನೀಲಮ ಟಾರ್ಚ್ ತಾನೇ ತೆಗೆದುಕೊಂಡು ನಾಲ್ಕೂ ಕಡೆಯಿಂದ ಬೆಳಕು ಬಿಟ್ಟಳು. ಬೆಳಕು ಎಲ್ಲೂ ತಡೆಯದೆ ಸಾಲಿನುದ್ದಕ್ಕೂ ಹರಿಯಿತು.

ಹೊಸ ಪ್ರೊಸೆಸರ್ ಇಳಿಯಿತು. ಚೌಕಟ್ಟು ಕಟಕ್ಕೆಂದು ಕೂತಿತು. ಮೇಲೆ ಕಡಲೆಕಾಳಿನಷ್ಟು ಬೂದು ಪೇಸ್ಟು ಇಟ್ಟು, ಲೋಹದ ಗಟ್ಟಿಯನ್ನು ಒತ್ತಿ, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿದಳು. ಉಳಿದ ಅಕ್ಕಿಯನ್ನೆಲ್ಲ ಹುಡುಕಿ ಹೆಕ್ಕಿ ಮುಚ್ಚಳ ಹಾಕಿದಳು. ವೈರು, ಸ್ಪೀಕರು, ಪರದೆ ಎಲ್ಲ ಮತ್ತೆ ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಬೊಬ್ಬೆಯಿಟ್ಟವು. ಪರದೆ ಕಪ್ಪು. ಕಪ್ಪಾಗಿಯೇ ಇತ್ತು. ನೀಲಮ ಉಗುರು ಕಡಿಯತೊಡಗಿದಳು. ಮೊದಲ ಸಲ ತನ್ನನ್ನು ತಾನು ನೋಡಿಕೊಳ್ಳಲು ಹೊತ್ತು ಹಿಡಿಯುತ್ತದೆ ಎಂದಳು. ನಾನು ಅವಳ ಹೆಗಲು ಹಿಡಿದುಕೊಂಡೆ. ಫ್ಯಾನಿನ ಬೊಬ್ಬೆ ಇದ್ದಕ್ಕಿದ್ದಂತೆ ತಗ್ಗಿತು, ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು.

ನೀಲಮ ಟ್ಯಾಬನ್ನು ನನ್ನ ಕೈಗಿಟ್ಟಳು. ನಾನು ಕಸ್ತೂರೆವ್ವನ ಕಡೆ ತಿರುಗಿ ಒತ್ತಿದೆ. ಬೆರಳು ಎತ್ತುವ ಮೊದಲೇ ಪಡಸಾಲೆ ತುಂಬ ನನ್ನ ಗಂಟಲು ಮೊಳಗಿತು.

"ಅಕ್ಕಾ, ಅಕ್ಕಿ ಒಗದು ನನ್ನ ದನೀಗೆ ಮದಿವಿ ಮಾಡಾಕ ಹೊಂಟಿದ್ದೇನ?"

ಕಸ್ತೂರೆವ್ವ ಬೆಚ್ಚಿ ಗೋಡೆಗೆ ಆನಿಕೊಂಡಳು. ಬೈಸಿಕೊಂಡವಳು ಅಳುತ್ತ ನಗುತ್ತ ಸ್ಪೀಕರಿಗೆ ಕೈಮುಗಿದಳು. ಒಳಗಿನಿಂದ ರೂಪಾಲಿ ಹೊಟ್ಟೆ ಹಿಡಿದುಕೊಂಡು ಓಡಿಬಂದು, ಅವ್ವಾ ಎಂದು ನನ್ನನ್ನು ಅಪ್ಪಿಕೊಂಡಳು. ಮನಸ್ಸಿನಲ್ಲಿದ್ದದ್ದು ಮನಸ್ಸು ಬಿಡುವ ಮೊದಲೇ ಕಿವಿಗೆ ಬಂದಿತ್ತು. ವರ್ಷದ ಮೇಲೆ ನಾನು ನನಗೇ ಎದುರಾದಂತಾಯಿತು.

ಸಂಜೆ ಯಜಮಾನರು ಹೊಲದಿಂದ ಬಂದರು. ನಾನು ಟ್ಯಾಬ್ ಹಿಡಿದು ಕಾದಿದ್ದೆ. ಅವರು ಕೈಕಾಲು ತೊಳೆದು ಕೂತದ್ದೇ, ನಾಳೆ ಮನೆ ತುಂಬ ಮಂದಿ, ಮಂಟಪದವನಿಗೆ ಇನ್ನೂ ಹೇಳಿಲ್ಲ, ಇಡೀ ದಿನ ಬದುವಿನ ಮೇಲೆ ಏನು ಕಾಯುತ್ತಿದ್ದಿರಿ ಎಂದು ಒತ್ತಿದೆ. ಮಾತು ಅವರ ಎದುರಿಗೇ, ಅವರ ಮುಖಕ್ಕೇ ಹೋಗಿ ಬಿತ್ತು. ಅವರು ತಲೆ ಎತ್ತಿ ಸ್ಪೀಕರ್ ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ಈಗ ಎರಡು ಮಾತು ತಿರುಗಿ ಆಡುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ.

"ಖರೆ ಐತಿ. ತಪ್ಪ ನಂದ," ಅಂದರು ಮೆತ್ತಗೆ. ಎದ್ದು ಮಂಟಪದವನಿಗೆ ಹೇಳಲು ಹೋದರು.

ನಾನು ಟ್ಯಾಬ್ ಕೆಳಗಿಟ್ಟೆ. ಅಷ್ಟೊಂದು ಸ್ವಿಚ್ಚು ಸೇರಿ ನನ್ನ ಮಾತನ್ನು ಕ್ಷಣದಲ್ಲಿ ಅವರಿಗೆ ಮುಟ್ಟಿಸಿದ್ದವು. ಅವರ ಮಾತನ್ನು ಹೊರಡಿಸಲು ಯಾವ ಪ್ರೊಸೆಸರ್ ತರಲಿ?

ಮರುದಿನ ಕುಬಸ ಚೆನ್ನಾಗಿಯೇ ನಡೆಯಿತು. ರೂಪಾಲಿ ಹಸಿರುಟ್ಟು ಕೂತಳು, ಆರತಿಯಾಯಿತು, ಉಡಿ ತುಂಬಿದರು. ಒಡಪು ಶುರುವಾಯಿತು. ಒಬ್ಬೊಬ್ಬಳೂ ನಾಚುತ್ತ, ಕೆಣಕುತ್ತ ಗಂಡನ ಹೆಸರು ಹೇಳಿದಳು, ಅರ್ಧ ಕನ್ನಡ ಅರ್ಧ ಮರಾಠಿ. ನನ್ನ ಪಕ್ಕದವಳದಾಯಿತು. ಮುಂದೆ ನಾನು. ಹೆಂಗಸರ ಕಣ್ಣು ನನ್ನ ಕೊರಳ ಬಟ್ಟೆಯ ಮೇಲೆ ಬಿದ್ದು ಸರಿದವು. ಯಾರೋ ಮೆಲ್ಲಗೆ ನನ್ನಾಚೆಯವಳ ಹೆಸರು ಕೂಗಿದರು. ನನ್ನನ್ನು ದಾಟಿ ಹೋದರು. ಕರುಣೆಯಿಂದಲೇ ದಾಟಿದರು, ಅದು ಇನ್ನೂ ಉರಿ.

ಟ್ಯಾಬ್ ಮಡಿಲಲ್ಲಿತ್ತು. "ನಾ ಏನ ಸತ್ತೀನೇನು? ನನ್ನ ಪಾಳಿ ಯಾಕ ಬಿಟ್ರಿ?" ಎಂದು ನನ್ನ ದನಿ ಗುಡುಗಿತು.

ಒಬ್ಬ ಮುದುಕಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಎಲ್ಲರೂ ನನ್ನ ಮುಚ್ಚಿದ ಬಾಯಿಯನ್ನೇ ನೋಡುತ್ತಿದ್ದರು. ಕಸ್ತೂರೆವ್ವ ಮಾತ್ರ ಹೆಮ್ಮೆಯಿಂದ, ಹೇಳವಾ ತಾರವ್ವ ಎಂದಳು. ಹುಡುಗಾಟದ ಒಡಪೊಂದು ಮನಸ್ಸಿನಲ್ಲಿತ್ತು. ಬೆರಳು ಅದನ್ನು ಬರೆಯಲಿಲ್ಲ. ಬರೆದದ್ದು ಬೇರೆಯೇ.

"ಕಬ್ಬಿಗೆ ನೀರ ಬೇಕು, ಗಾಣಕ್ಕ ಎತ್ತ ಬೇಕು,
ಬಸವಂತರಾಯರ ಜೋಡಿ ಜಗಳಾಡಾಕ ನನಗ ನನ್ನ ದನಿ ಬೇಕು."

ಯಂತ್ರಕ್ಕೆ ಬರುವುದು ಬೈಯುವ ರಾಗ ಒಂದೇ ಎಂದು ಹೇಳಿದೆನಲ್ಲ. ಆ ರಾಗದಲ್ಲೇ ಹೇಳಿತು, ಮಂಟಪದಾಚೆಗೂ ಕೇಳುವಂತೆ. ಹೆಂಗಸರು ನಗಲು ಬಾಯಿ ತೆರೆದವರು ಹಾಗೇ ನಿಂತರು, ಏಕೆಂದರೆ ಬಾಗಿಲಲ್ಲಿ ನಮ್ಮ ಯಜಮಾನರು ನಿಂತಿದ್ದರು. ಅಡುಗೆಯವರ ಹತ್ತಿರವಿದ್ದವರು ಓಡಿ ಬಂದಿದ್ದರು, ಕೈಯಲ್ಲಿ ಸೌಟು ಹಾಗೆಯೇ ಇತ್ತು. ಹೆಂಗಸರ ಕೂಟಕ್ಕೆ ಗಂಡಸರು ಬರುವ ರೂಢಿಯಿಲ್ಲ. ಅದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

"ಜಗಳ ಬೇಕೇನ ನಿನಗ?" ಅಂದರು. "ನಾ ದಿನಾ ಒದರಿಸಿ ಒದರಿಸಿನ ನಿನ್ನ ಗಂಟಲಾ ಹೋತಂತ ತಿಳಿದಿದ್ನಲ್ಲ. ಅದಕ್ಕ ಬಾಯಿ ಹೊಲಕೊಂಡ ಕುಂತಿದ್ದೆ."

ಇಡೀ ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದರೇ ಈ ಮನುಷ್ಯ? ಕರುಣೆ ಎಂದು ನಾನು ಹಲ್ಲು ಕಡಿದದ್ದು ಕರುಣೆಯಲ್ಲ, ಹೆದರಿಕೆ. ನನಗೆ ಅಳು ಉಕ್ಕಿ ಬಂತು. ಎದ್ದು ಹೋಗಿ ಆ ಸೌಟಿನ ಕೈ ಹಿಡಿದುಕೊಳ್ಳಬೇಕೆನಿಸಿತು. ಅಷ್ಟು ಮಂದಿಯ ಮುಂದೆ ಅದು ಹೇಗೆ ಸಾಧ್ಯ? ಕಣ್ಣು ಮಂಜಾಗಿದ್ದರೂ ಬೆರಳು ಅಕ್ಷರ ತಪ್ಪಲಿಲ್ಲ.

"ಎಲ್ಲಾ ನಿಮ್ಮಿಂದನ ಆಗಾಕ ಅಷ್ಟ ದೊಡ್ಡವರೇನ್ರಿ ನೀವು?" ಎಂದು ಗದರಿತು ನನ್ನ ದನಿ.

ಅವರ ಮೀಸೆ ಅದುರಿತು. ಸೌಟಿನ ಕೈ ಮೇಲೆದ್ದಿತು. ಎಷ್ಟೋ ದಿನದಿಂದ ಕಾಣದ ಆ ಹಳೆಯ ಉರಿ ಕಣ್ಣಿಗೆ ಬಂತು.

"ದೊಡ್ಡವ ಅಲ್ಲಂದ್ರ ಹೆಸರಿಗೆ ರಾಯರು ಅಂತ ಯಾಕ ಹಚ್ಚಿದಿ ಮತ್ತ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಗುವಿನ ನಡುವೆಯೇ ಉತ್ತರ ಹೊಳೆಯಿತು, ನಾನು ಬೆರಳು ಒತ್ತತೊಡಗಿದೆ. ಅವರು ಬಾಗಿಲು ಬಿಟ್ಟು ಕದಲಲಿಲ್ಲ. ಸೌಟು ಹಿಡಿದುಕೊಂಡು ಕಾಯುತ್ತ ನಿಂತರು.